ಚಂದನನ ಕಾರ್ಡು

ಅಂಗೈಯಲ್ಲಿ ಲಿಂಗವಿತ್ತು, ದೃಷ್ಟಿಯೂ ಅಲ್ಲೇ ಇತ್ತು. ಶಾಂತಮಲ್ಲಪ್ಪನವರ ಕಿವಿ ಮಾತ್ರ ಹಜಾರದಲ್ಲಿತ್ತು. ಅಲ್ಲಿ ಕಂಪ್ಯೂಟರಿನ ಫ್ಯಾನು ಬೆಳಗಿನಿಂದ ಸಣ್ಣಗೆ ಗುನುಗುತ್ತಿದ್ದುದು ಈಗ ಮೇಲೇರುತ್ತಿತ್ತು. ಸಿಪ್ಪೆ ಸುಲಿಯುವ ಪಲ್ಪರಿಗೆ ಕಾಫಿಹಣ್ಣು ಹೆಚ್ಚಾಗಿ ಬಿದ್ದಾಗ ಅದು ಎಳೆಯಲಾರದೆ ಏದುಸಿರು ಬಿಡುವಂತೆ ಇದೂ ಬಿಡುತ್ತದೆ. ಆಮೇಲೆ ಪರದೆ ಕಪ್ಪಾಗುತ್ತದೆ. ಫ್ಯಾನು ಹುಚ್ಚು ಹಿಡಿದಂತೆ ತಿರುಗುತ್ತಲೇ ಇರುತ್ತದೆ, ಸೊಸೆ ಸುಮನಾ 'ಥತ್' ಎನ್ನುತ್ತಾಳೆ. ಈ ಕ್ರಮ ಅವರಿಗೆ ಪಂಚಾಕ್ಷರಿಯಷ್ಟೇ ಬಾಯಿಪಾಠವಾಗಿಹೋಗಿತ್ತು. ಹಾಗೆ ಹೋಲಿಸಿದ್ದೇ ತಪ್ಪೆನಿಸಿ ಕಣ್ಣನ್ನು ಇನ್ನಷ್ಟು ಬಿಗಿಯಾಗಿ ಲಿಂಗದ ಮೇಲೆ ನಿಲ್ಲಿಸಿದರು. ಕರಿಯ ನುಣುಪಿನ ಮೇಲೆ ಕಿಟಕಿಯ ಬೆಳಕು ಒಂದು ಚುಕ್ಕೆಯಾಗಿ ನಿಂತಿತ್ತು. ಆ ಚುಕ್ಕೆಯನ್ನೇ ನೋಡುತ್ತ ಹೋದರೆ ಮನಸ್ಸು ತಾನಾಗಿ ನಿಲ್ಲುತ್ತದೆಂದು ಅವರ ತಂದೆ ಹೇಳಿಕೊಟ್ಟಿದ್ದರು. ನಿಲ್ಲಲಿಲ್ಲ. ಫ್ಯಾನು ಏರಿತು, ಇನ್ನೂ ಏರಿತು.

"ಥತ್!"

"ಹೋಯ್ತೇನವ್ವ?" ಎಂದು ಕೂತಲ್ಲಿಂದಲೇ ಕೂಗಿಬಿಟ್ಟರು. ಪೂಜೆಯ ನಡುವೆ ಮಾತಾಡಿದೆನಲ್ಲ ಎಂದು ನಾಲಗೆ ಕಚ್ಚಿಕೊಂಡರು.

"ಹೋಗ್ಬುಡ್ತು ಮಾವ. ಇನ್ನೇನು ಮುಗೀತು ಅನ್ನೋ ಹೊತ್ಗೆ ಸರಿಯಾಗಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಬೇಸರವಿತ್ತು. ಸಿಟ್ಟಾದರೂ ಇದ್ದಿದ್ದರೆ ಚೆನ್ನಾಗಿತ್ತು. ಹೆಗ್ಗದ್ದೆಯಲ್ಲಿ ಯಾರೋ ಒಂದು ಹೋಮ್‌ಸ್ಟೇ ಕಟ್ಟಿಸುತ್ತಿದ್ದರು. ಅದರ ಚಿತ್ರ ಮಾಡಿಕೊಡುವ ಕೆಲಸ ಸುಮನಾಳಿಗೆ ಸಿಕ್ಕಿತ್ತು. ಬರೀ ನಕ್ಷೆಯಲ್ಲ, ಕಟ್ಟದ ಮನೆಯನ್ನು ಕಟ್ಟಿದ ಹಾಗೆಯೇ ತೋರಿಸುವ ಚಿತ್ರ. ಗೋಡೆಯ ಸುಣ್ಣ, ಜಗಲಿಯ ಮೇಲೆ ಬೀಳುವ ಸಂಜೆಬಿಸಿಲು, ಕಂಬದ ನೆರಳು, ಎಲ್ಲವನ್ನೂ ಅವಳು ಒಳಗೆ ಹೇಳಿಟ್ಟರೆ ಯಂತ್ರ ಕೂತು ಎಳೆಎಳೆಯಾಗಿ ಬರೆಯುತ್ತದೆ. ಅದಕ್ಕೆ ರೆಂಡರ್ ಎನ್ನುತ್ತಾಳೆ. ಅರ್ಧ ಮನೆ ಮೂಡಿರುತ್ತದೆ, ಅಷ್ಟರಲ್ಲಿ ಕಪ್ಪು. ಮತ್ತೆ ಮೊದಲಿಂದ. ನಾಳೆ ಸಂಜೆಯೊಳಗೆ ಕೊಡದಿದ್ದರೆ ಆ ಕೆಲಸವನ್ನು ಹಾಸನದವರಿಗೆ ಕೊಡುತ್ತೇವೆಂದು ಹೋಮ್‌ಸ್ಟೇಯವರು ಹೇಳಿಯಾಗಿತ್ತು. ಗಂಡ ಚಂದನ ಹೋದ ಮೇಲೆ ಅವಳು ತಾನಾಗಿ ಹುಡುಕಿಕೊಂಡ ಮೊದಲ ಕೆಲಸ ಅದು.

ಏನೆಲ್ಲ ಮಾಡಿರಲಿಲ್ಲ. ಮೊದಲು ಕರೆಂಟಿನ ಮೇಲೆ ಅನುಮಾನ. ಕಾಫಿ ಅರಳಿಸುವ ಹೂಮಳೆ ಬರಲಿಲ್ಲವೆಂದು ಸುತ್ತಲಿನ ಎಸ್ಟೇಟಿನವರೆಲ್ಲ ಸ್ಪ್ರಿಂಕ್ಲರ್ ಮೋಟಾರು ಹಾಕುತ್ತಿದ್ದರು. ಆಗ ದೀಪ ಕೆಂಪಗಾಗುವುದನ್ನು ಇವರೇ ಕಂಡಿದ್ದರು. ಸ್ಟೆಬಿಲೈಸರ್ ತಂದದ್ದಾಯಿತು. ಅರ್ಥಿಂಗ್ ಸರಿಯಿಲ್ಲ ಎಂದರು ಯಾರೋ. ಮನೆಯ ಹಿಂದಿನ ಗುಂಡಿಗೆ ಇದ್ದಿಲು, ಉಪ್ಪು ಸುರಿದು ದಿನಾ ಬೆಳಿಗ್ಗೆ ಕೊಡ ನೀರು ಹಾಕಿದ್ದಾಯಿತು. ತುಳಸಿಗೆ ನೀರೆರೆಯುವಷ್ಟೇ ಶ್ರದ್ಧೆಯಿಂದ ಹಾಕಿದ್ದರು. ಸುಮನಾ ಫೋನಿನಲ್ಲಿ ನೋಡಿ ನೋಡಿ ಒಳಗಿನ ಸಾಫ್ಟ್‌ವೇರ್ ತೆಗೆದಳು, ಹಾಕಿದಳು, ಹಳೆಯದನ್ನು ಹಾಕಿದಳು. ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿನ ಹಳದಿ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ ಮೇಲಿನ ಧೂಳು ಒರೆಸಿದಳು. ಪರದೆಯ ಮೂಲೆಯಲ್ಲಿ ಕಾರ್ಡಿನ ಬಿಸಿ ತೋರಿಸುವ ಒಂದು ಅಂಕಿ ಬರುವಂತೆ ಮಾಡಿದಳು. ಆ ಅಂಕಿ ಜ್ವರದವನ ಪಾದರಸದಂತೆ ಏರುತ್ತಿತ್ತು, ಯಾಕೆಂದು ಹೇಳುತ್ತಿರಲಿಲ್ಲ. ಕೊನೆಗೆ ಅವಳ ಅಣ್ಣ ಯೋಗಾನಂದ ಹಾಸನದಿಂದ ಬಂದವನು ನಿಂತ ನಿಲುವಿನಲ್ಲೇ ತೀರ್ಮಾನ ಕೊಟ್ಟ. "ಸೆಕೆಂಡ್ ಹ್ಯಾಂಡ್ ಕಾರ್ಡ್ ಅಲ್ವೇನೆ ಇದು? ಯಾವನೋ ಬೆಂಗ್ಳೂರಲ್ಲಿ ಹಗ್ಲು ರಾತ್ರಿ ಕಾಯಿಸಿ ಕಾಯಿಸಿ, ಸಾಯೋ ಟೈಮಿಗೆ ತಂದು ಭಾವನ ತಲೆಗೆ ಕಟ್ಟವ್ನೆ. ಮೋಸ ಹೋಗ್ಬುಟ್ಟವ್ರೆ."

ಅಂದಿನಿಂದ ಮನೆಯಲ್ಲಿ ಆ ಮಾತು ನೆಲೆ ನಿಂತುಬಿಟ್ಟಿತು. ಪರದೆ ಕಪ್ಪಾದಾಗಲೆಲ್ಲ ಯಾರೂ ಹೇಳದೆಯೂ ಅದು ಕೇಳುತ್ತಿತ್ತು. ಒಂದು ದಿನ ಸುಮನಾ ಆ ಕಪ್ಪಿಗೇ ಹೇಳಿದಳು: "ಎಲ್ಲದ್ರಲ್ಲೂ ಅವಸರ ನಿಮ್ದು. ವಿಚಾರಿಸಿ ತಗೋಬಾರ್ದಾಗಿತ್ತಾ?" ಶಾಂತಮಲ್ಲಪ್ಪನವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು, ಹೌದಲ್ಲ, ಹಾಗೇ ಇದ್ದ ಎಂದು ತಮಗೂ ಅನಿಸಿತ್ತು. ಇದೇ ಮೇಜಿನ ಮುಂದೆ ಚಂದನ ಬರಿಮೈಯಲ್ಲಿ ಕೂತು ಯಂತ್ರದ ಭಾಗಗಳನ್ನು ಜೋಡಿಸಿದ್ದ. ಸ್ಕ್ರೂಗಳನ್ನು ಡಬ್ಬಿಯ ಮುಚ್ಚಳದಲ್ಲಿ ಹಾಕಿಕೊಂಡು, ಬಾಯಲ್ಲೊಂದು ಟಾರ್ಚು ಕಚ್ಚಿಕೊಂಡು. ಆಟ ಆಡೋಕೆ ಇಷ್ಟೊಂದು ಖರ್ಚೇನೋ ಎಂದಿದ್ದಕ್ಕೆ ಟಾರ್ಚು ತೆಗೆಯದೆಯೇ ಏನೋ ಹೇಳಿ, ಅರ್ಥವಾಗದೆ ಇವರು ಗದರಿದ ಮೇಲೆ ತೆಗೆದು, "ಆಟಕ್ಕಲ್ಲ ಅಪ್ಪಾಜಿ, ಸುಮನಾಗೆ" ಎಂದಿದ್ದ. ತಾಯಿಯಿಲ್ಲದೆ ಬೆಳೆದ ಹುಡುಗ ಹೆಂಡತಿಯ ಹೆಸರನ್ನು ಹೇಳುವಾಗ ಅಷ್ಟು ಮೆತ್ತಗಾದದ್ದು ಅವರಿಗೆ ನಾಚಿಕೆ ತರಿಸಿತ್ತು. ಎದ್ದು ಹೋಗಿದ್ದರು.

ಪೂಜೆ ಮುಗಿಸಿ ಲಿಂಗವನ್ನು ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಂಡು, ಎಂದಿನಂತೆ ಧೂಪಾರತಿಯಲ್ಲಿ ಕೆಂಡ ತುಂಬಿಕೊಂಡು ಹಜಾರಕ್ಕೆ ಬಂದರು. ಚಂದನನ ಫೋಟೋ ಕಂಪ್ಯೂಟರ್ ಮೇಜಿನ ಮೇಲ್ಗಡೆ ಗೋಡೆಯಲ್ಲಿತ್ತು. ಹಾರ ಹಾಕಿದ ಮೇಲೆ ಮೂರು ಬೆರಳಿಗೆ ಒಣವಿಭೂತಿ ತೆಗೆದುಕೊಂಡು ಗಾಜಿನ ಮೇಲೆ ಎಳೆದರು. ಆ ವಿಭೂತಿ ಸಮಾಧಿಯ ದಿನದ್ದು. ಹೋದ ವರ್ಷ ಆನೇಮಹಲ್ ತಿರುವಿನಲ್ಲಿ ಬೈಕಿಗೆ ಲಾರಿ ತಾಗಿ ಅವನು ಹೋದಾಗ, ಗುಂಡಿಯಲ್ಲಿ ಅವನನ್ನು ಕೂರಿಸಿ, ಎಡಗೈಗೆ ಅವನ ಲಿಂಗವಿಟ್ಟು, ಸುತ್ತ ವಿಭೂತಿ ಗಟ್ಟಿಗಳನ್ನು ತುಂಬಿದ್ದರು. ಮಿಕ್ಕ ಗಟ್ಟಿಗಳನ್ನು ಇವರು ಕುಕ್ಕೆಯಲ್ಲಿ ಮನೆಗೆ ತಂದಿದ್ದರು. ಕ್ರಿಯೆ ಮಾಡಿಸಿದ ವೀರಭದ್ರಯ್ಯನವರು ಗುಂಡಿಯ ಅಂಚಿನಲ್ಲಿ ನಿಂತು, "ಲಿಂಗದಲ್ಲಿ ಬೆರೆತೋನಿಗೆ ಸೂತಕ ಎಲ್ಲೈತೆ? ಯಾರೂ ಅಳಕೂಡ್ದು" ಎಂದಿದ್ದರು. ಆಗ ಸುಮನಾ ಬಾಯಿ ತೆರೆದಿದ್ದಳು. ಸದ್ದು ಇನ್ನೂ ಹೊರಟಿರಲಿಲ್ಲ. ಶಾಂತಮಲ್ಲಪ್ಪನವರು ಅವಳ ಕೈ ಹಿಡಿದು, "ಬ್ಯಾಡ ಕಣವ್ವ, ನಮ್ಮಲ್ಲಿ ಅಳಬಾರ್ದು" ಎಂದರು. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಆಮೇಲೆ ಅವಳು ಅತ್ತದ್ದನ್ನು ಅವರು ಕಂಡಿಲ್ಲ. ಎಂಥ ಗಟ್ಟಿ ಹೆಣ್ಣು, ಎಂಥ ನಂಬಿಕೆ ಎಂದು ಬಂದವರೆಲ್ಲ ಹೊಗಳಿದರು. ಮಾವನನ್ನೂ ಸೇರಿಸಿ ಹೊಗಳಿದರು.

ಕೆಂಡಕ್ಕೆ ಸಾಂಬ್ರಾಣಿ ಉದುರಿಸಿದರು. ಒಂದು ಚಿಟಿಕೆ ಸಾಕು. ಹಿಡಿ ತುಂಬ ಹಾಕಿದರು. ಹೊಗೆ ದಪ್ಪಗೆ ಎದ್ದು ಮೇಜನ್ನೂ ಫೋಟೋವನ್ನೂ ಮುಚ್ಚಿ ಇವರ ಮುಖಕ್ಕೆ ಬಂತು. ಬಗ್ಗಿ ಮುಖವನ್ನು ಅದರೊಳಗೆ ಹಿಡಿದರು. ಕಣ್ಣು ಉರಿಯಿತು, ನೀರು ಬಂತು, ಸುರಿಯಿತು.

"ಮಾವ, ಹೊಗೆ" ಎಂದು ಕೆಮ್ಮುತ್ತ ಸುಮನಾ ಎದ್ದು ಹೋದಳು. ಅವಳು ಬರುವುದರೊಳಗೆ ಅವರು ಶಲ್ಯದಿಂದ ಮುಖ ಒರೆಸಿಕೊಂಡಿದ್ದರು.

ಹೆಗ್ಗದ್ದೆಗೆ ಅಳತೆ ನೋಡಲು ಅವಳನ್ನು ಕರೆದೊಯ್ಯಲು ಯೋಗಾನಂದ ಕಾರು ತಂದಿದ್ದ. ದಾರಿಯಲ್ಲಿ ಸಕಲೇಶಪುರದ ರಿಪೇರಿ ಅಂಗಡಿಯ ಮುಂದೆ ಮಾವನನ್ನೂ ಯಂತ್ರವನ್ನೂ ಇಳಿಸುವುದೆಂದಾಯಿತು. ದುಪ್ಪಟಿಯಲ್ಲಿ ಕಟ್ಟಿದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತರು. ಕೆ. ಹೊಸಕೋಟೆ ದಾಟುವ ಮುಂಚೆಯೇ ಯೋಗಾನಂದ ಶುರುಮಾಡಿದ. "ಹೊಸಾದು ತಗೊಳ್ಳಿ ಮಾವ, ಅದನ್ನ ಅಲ್ಲೇ ಗುಜರಿಗೆ ಹಾಕ್ಬುಡಿ. ಸತ್ತ ಕಾರ್ಡ್ ಇಟ್ಕೊಂಡು ಎಷ್ಟ್ ದಿನ ಅಂತ..." ಸತ್ತ ಎಂಬ ಮಾತು ಬಾಯಿಂದ ಬಿದ್ದ ಮೇಲೆ ಅವನು ಹಾರ್ನ್ ಒತ್ತಿದ. ರಸ್ತೆಯಲ್ಲಿ ಯಾರೂ ಇರಲಿಲ್ಲ. ಸುಮನಾ ಕಿಟಕಿಯ ಕಡೆ ನೋಡುತ್ತಿದ್ದಳು. ಒಣಗಿದ ಕಾಫಿಗಿಡಗಳ ಮೇಲೆ ಮೊಗ್ಗುಗಳು ನೀರಿಗಾಗಿ ಬಾಯಿಬಿಟ್ಟು ಕಾದಿದ್ದವು. ಪೆಟ್ಟಿಗೆಯ ಲೋಹದ ಅಂಚು ತೊಡೆಗೆ ಒತ್ತುತ್ತಿತ್ತು. ಯಾಕೋ ಚಂದನ, ಯಾಕೆ ವಿಚಾರಿಸದೆ ತಂದೆ, ಈಗ ಕಂಡವರೆಲ್ಲ ಆಡಿಕೊಳ್ಳೋ ಹಾಗಾಯ್ತಲ್ಲ ಎಂದು ಅವರು ಆ ಅಂಚಿನ ಮೇಲೆ ಸಿಟ್ಟು ಮಾಡಿಕೊಂಡರು.

ಅಂಗಡಿಯ ಲೋಹಿತ್ ಜೋರು ಬಾಯಿಯ ಮನುಷ್ಯ. ಯಂತ್ರವನ್ನು ಬಿಚ್ಚುವ ಮುಂಚೆಯೇ, "ಪವರ್ ಸಪ್ಲೈ ಹೋಗೈತೆ ಸಾರ್, ಹೊಸಾದು ಹಾಕುವ" ಎಂದು ಬಾಕ್ಸೊಂದನ್ನು ತೆಗೆದಿಟ್ಟ. ಪ್ರಿಂಟರು ರಿಪೇರಿಗೆ ತಂದು ಕಾಯುತ್ತಿದ್ದ ಚಲುವಯ್ಯ, ಪರಿಚಯದವರೇ, ಸ್ಟೂಲು ಎಳೆದುಕೊಟ್ಟರು. ಪಕ್ಕದ ತಗಡು ತೆಗೆಯುತ್ತಲೇ ಲೋಹಿತ್ ತಲೆ ಬಗ್ಗಿಸಿ ನೋಡಿದ. "ಯಾರ್ ಸಾರ್ ಜೋಡ್ಸಿದ್ದು? ವೈರ್ ನೋಡಿ, ಜಡೆ ಹೆಣೆದಂಗೈತೆ. ನನ್ ಕೈಲೂ ಹಿಂಗ್ ಆಗಲ್ಲ."

"ನನ್ ಮಗ."

"ಕರ್ಕಂಬನ್ನಿ, ಕೆಲ್ಸ ಕೊಡ್ತೀನಿ."

ಚಲುವಯ್ಯ ಕೆಮ್ಮಿದರು. ಲೋಹಿತನಿಗೆ ತಿಳಿಯಲಿಲ್ಲ. ಅವನು ಕಾರ್ಡನ್ನು ಸ್ಲಾಟಿನಿಂದ ಎಳೆದು ತಿರುಗಿಸಿ ಹಿಡಿದ. ಫ್ಯಾನಿನ ರೆಕ್ಕೆಗಳು ಬೆಳ್ಳಗಿದ್ದವು. ಅದರಡಿಯ ಲೋಹದ ಹಲ್ಲುಗಳ ಸಂದಿಯಲ್ಲೆಲ್ಲ ಬೂದುಬಣ್ಣದ, ಜಿಡ್ಡಿನ, ಹಿಟ್ಟಿನಂಥ ಒಂದು ಪದಾರ್ಥ ತುಂಬಿ ಗಟ್ಟಿಯಾಗಿತ್ತು. ಉಗುರಿನಿಂದ ಕೆರೆದ. ಮೂಗಿನ ಹತ್ತಿರ ಹಿಡಿದ. ಆಮೇಲೆ ಅವನ ಕಣ್ಣು ಮೆಲ್ಲಗೆ ಶಾಂತಮಲ್ಲಪ್ಪನವರ ಹಣೆಯ ಮೇಲಿನ ಮೂರು ಗೆರೆಗೆ ಬಂತು, ಕಾರ್ಡಿಗೆ ಹೋಯಿತು, ಮತ್ತೆ ಹಣೆಗೆ ಬಂತು.

"ಸಾರ್, ಇದು ಧೂಳಲ್ಲ. ಧೂಪ. ವಿಭೂತಿ. ಗಾಳಿ ಎಳ್ಕಳೋ ಜಾಗಕ್ಕೇ ದಿನಾ ಹೊಗೆ ಹಾಕಿದೀರ. ಸಾಂಬ್ರಾಣಿ ಜಿಡ್ಡು ಕೂತ್ಕಂಡೈತೆ, ಅದ್ರ ಮ್ಯಾಲೆ ಬೂದಿ ಮೆತ್ಕಂಡೈತೆ. ಉಸ್ರು ಕಟ್ದಂಗಾಗಿ ಬಿಸಿ ಏರಿ ಆಫ್ ಆಯ್ತೈತೆ. ಏನ್ ಸಾರ್ ಇದು, ಕಂಪ್ಯೂಟ್ರಾ, ಮಠದ ಗದ್ದುಗೇನಾ?"

"ಏನ್ ಶಾಂತಮಲ್ಲಪ್ನೋರೆ," ಚಲುವಯ್ಯನವರಿಗೆ ತಡೆಯಲಾಗಲಿಲ್ಲ, "ಕಂಪ್ಯೂಟ್ರಿಗೂ ದೀಕ್ಷೆ ಕೊಟ್ಬುಟ್ರಾ ಹೆಂಗೆ?"

ಇಬ್ಬರೂ ನಕ್ಕರು. ಕೆಟ್ಟ ನಗೆಯೇನಲ್ಲ, ನೆಂಟರಲ್ಲಿ ನಗುವಂಥದ್ದು. ಶಾಂತಮಲ್ಲಪ್ಪನವರೂ ನಗಲು ನೋಡಿದರು. ತುಟಿ ಒಂದು ಕಡೆಗೆ ಹೋಗಿ ಅಲ್ಲೇ ಉಳಿಯಿತು. "ಕಾರ್ಡು ಹಳೇದಂತಲ್ಲಪ್ಪ," ಎಂದರು, "ಮೋಸದ ಮಾಲು ಅಂತಾರಲ್ಲ."

"ಯಾವನ್ ಅಂದೋನು? ಬೇಯಿಸಿದ ಕಾರ್ಡಾದ್ರೆ ಬೋರ್ಡು ಕಂದು ತಿರುಗ್ತಿತ್ತು. ಇದ್ರ ಬಣ್ಣ ನೋಡಿ, ಹೊಸದ್ರಂಗೆ. ಚಿನ್ನದಂಥ ಮಾಲು ಸಾರ್, ನೋಡಿ ತಂದವ್ರೆ."

ನೋಡಿ ತಂದವನೆ. ಆ ಮಾತು ಕೇಳಲೆಂದೇ ಕಾದಿದ್ದವರಂತೆ ಅವರ ಎದೆ ಒಮ್ಮೆ ಹಿಗ್ಗಿತು. ಹಿಗ್ಗಿದ ಎದೆಯೊಳಗೇ ಉಳಿದರ್ಧ ಮಾತು ತಣ್ಣಗೆ ಇಳಿಯಿತು. ಅವನು ನೋಡಿ ತಂದದ್ದನ್ನು ನಾನು ಕೆಡಿಸಿದೆ. ಅವನನ್ನು ಮಣ್ಣು ಮಾಡಿದ್ದು ಸಾಲದೆಂಬಂತೆ ಅವನ ಹೆಸರನ್ನೂ ಮಣ್ಣು ಮಾಡಿದೆ. ಲೋಹಿತ್ ಬ್ಲೋವರ್ ತಂದು ಕಾರ್ಡನ್ನು ಅಂಗಡಿಯ ಬಾಗಿಲಾಚೆ ಹಿಡಿದಾಗ ಅವರು ಸ್ಟೂಲಿನಿಂದ ಎದ್ದುಬಿಟ್ಟರು.

"ಊದಬ್ಯಾಡಪ್ಪ."

"ಊದ್ದೆ ಹೆಂಗೆ ಕ್ಲೀನ್ ಮಾಡ್ಲಿ ಸಾರ್?"

ತಡೆಯಬೇಕೆಂದರೆ ಅದು ಎಲ್ಲಿಯ ವಿಭೂತಿ ಎಂದು ಹೇಳಬೇಕಾಗುತ್ತಿತ್ತು. ಚಲುವಯ್ಯನವರ ಮುಂದೆ, ಅದೂ ಈಗತಾನೆ ನಕ್ಕವರ ಮುಂದೆ, ಹೇಳುವುದುಂಟೇ? ಕೂತುಕೊಂಡರು. ಬ್ಲೋವರ್ ಕಿರುಚಿತು. ಬಿಳಿಯ ಮೋಡವೊಂದು ರಸ್ತೆಗೆ ಹಾರಿ, ನಿಂತ ಬೈಕುಗಳ ಸೀಟಿನ ಮೇಲೆ, ಹೋಗುತ್ತಿದ್ದವರ ಕಾಲಿನ ಮೇಲೆ ಇಳಿಯಿತು. ಚಲುವಯ್ಯ ಅಂಗಿಯ ತೋಳನ್ನು ಕೊಡವಿಕೊಂಡರು. ಈ ಹೊತ್ತಿಗೆ ಸುಮನಾಳ ಕಾರು ಆನೇಮಹಲ್ ದಾಟುತ್ತಿರಬಹುದು. ಆ ತಿರುವಿನಲ್ಲಿ ಅವಳು ಕಣ್ಣು ಮುಚ್ಚುತ್ತಾಳೋ ತೆರೆದೇ ಇರುತ್ತಾಳೋ, ಒಂದು ಸಲವೂ ಕೇಳಿರಲಿಲ್ಲ. ಬಿಸಿ ತಗ್ಗಿಸುವ ಹೊಸ ಪೇಸ್ಟು ಹಚ್ಚಿ, ಜೋಡಿಸಿ, ಲೋಹಿತ್ ಪರೀಕ್ಷೆ ಓಡಿಸಿ ತೋರಿಸಿದ. ಅಂಕಿ ಅರ್ಧಕ್ಕೇ ನಿಂತಿತ್ತು. ಫ್ಯಾನು ತಿರುಗುತ್ತಿದೆಯೋ ಇಲ್ಲವೋ ಎಂದು ಬಗ್ಗಿ ಕೇಳಬೇಕಿತ್ತು. "ಸಾರ್, ದಮ್ಮಯ್ಯ, ಇದ್ರ ಮುಂದೆ ಮಾತ್ರ ಹೊಗೆ ಹಾಕ್ಬ್ಯಾಡಿ. ದೇವ್ರು ಬ್ಯಾರೆ ಕಡೆನೂ ಅವ್ನೆ" ಎಂದ.

ಬಸ್ಸಿನಲ್ಲಿ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತವರಿಗೆ ಮೊದಲು ಬಂದದ್ದು ಸಿಟ್ಟು. ಯಾರ ಮೇಲೆಂದು ತಿಳಿಯದೆ ಅದು ಕಂಡಕ್ಟರನ ಮೇಲೆ, ಕಿಟಕಿಯ ಗಾಜಿನ ಮೇಲೆ, ಗಾಳಿಯನ್ನು ಉಸಿರಾಡುವ ಯಂತ್ರ ಮಾಡಿದವರ ಮೇಲೆ ಸುತ್ತಿ ಬಂತು. ಭಕ್ತಿಯಿಂದ ಮಾಡಿದ್ದು ಹೀಗೇಕಾಗಬೇಕು ಎಂದು ಕೇಳಿಕೊಂಡರು. ಕೇಳುತ್ತಿರುವಾಗಲೇ ಅದು ಸುಳ್ಳು ಪ್ರಶ್ನೆ ಎಂದು ತಿಳಿಯಿತು. ಭಕ್ತಿಗೆ ಒಂದು ಚಿಟಿಕೆ ಸಾಕಾಗುತ್ತಿತ್ತು. ಹಿಡಿ ಹಿಡಿ ಹಾಕಿದ್ದು ಹೊಗೆಗೆ. ಹೊಗೆ ಬೇಕಾಗಿದ್ದು ಕಣ್ಣಿಗೆ. ಹೊಗೆಯಲ್ಲಿ ಬಂದ ಕಣ್ಣೀರಿಗೆ ವೀರಭದ್ರಯ್ಯನವರೂ ಏನೂ ಅನ್ನುವಂತಿಲ್ಲ, ಶಿವನೂ ಅನ್ನುವಂತಿಲ್ಲ. ದಿನಕ್ಕೊಮ್ಮೆ ಅಷ್ಟು ಹೊತ್ತು ತಾನು ಬರೀ ಚಂದನನ ಅಪ್ಪನಾಗಿ, ಲಿಂಗ ಕಟ್ಟಿಕೊಂಡವನೆಂಬುದನ್ನೂ ಮರೆತು, ಬಾಯಿ ಸೊಟ್ಟ ಮಾಡಿಕೊಂಡು ಅಳಬಹುದಿತ್ತು. ಬೇಕೆಂದರೆ ಮನೆಗೆ ಹೋಗಿ ಧೂಳು ತುಂಬಿತ್ತು ಎನ್ನಬಹುದು. ಧೂಳೇ ತಾನೆ. ಧೂಪವನ್ನು ಕಡಿಮೆ ಮಾಡಿ, ಅವಳು ಹೊರಗೆ ಹೋದಾಗ ಹಾಕಬಹುದು. ಕಾರ್ಡು ಇನ್ನೊಂದು ವರ್ಷ ತಡೆಯುತ್ತದೆ. ಮತ್ತೆ ಹೋದರೆ ಹಳೆಯ ಕಾರ್ಡು, ಹೋಗುವಂಥದ್ದೇ ಎನ್ನುತ್ತಾರೆ. ಚಂದನ ಒಂದು ಕಾರ್ಡಿನ ವಿಷಯದಲ್ಲಿ ಮೋಸ ಹೋದನೆಂದು ಇಬ್ಬರು ಅಂದುಕೊಂಡರೆ ಈಗ ಅವನಿಗೇನು ನಷ್ಟ? ಆಳೂರಿನಲ್ಲಿ ಬಸ್ಸು ಬದಲಾಯಿಸುವಾಗ ಈ ಲೆಕ್ಕವೆಲ್ಲ ಸರಿಯಾಗಿಯೇ ಕಂಡಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಅಣ್ಣತಂಗಿ ಇಬ್ಬರೂ ಮನೆಗೆ ಬಂದರು. ಸುಮನಾ ಚಪ್ಪಲಿ ಬಿಡುತ್ತಲೇ, "ಏನಂತೆ ಮಾವ?" ಎಂದಳು.

"ಧೂಳಂತೆ ಕಣವ್ವ. ತೆಗ್ದವ್ನೆ."

ಅವಳು ವೈರುಗಳನ್ನು ಸಿಕ್ಕಿಸಿದಳು. ಕೆಲಸಕ್ಕೆ ಹಚ್ಚಿದಳು. ಹೆಗ್ಗದ್ದೆಯ ಮನೆ ಮೇಲಿನಿಂದ ಮೂಡಲು ಶುರುವಾಯಿತು. ಮೊದಲು ಆಕಾಶ, ಆಮೇಲೆ ಹೆಂಚಿನ ಸಾಲು. ಮೂಲೆಯ ಅಂಕಿ ಏರಿ, ತಡೆದು, ಅಲ್ಲೇ ನಿಂತಿತು. ಯೋಗಾನಂದ ಕಾಫಿಲೋಟ ಹಿಡಿದು ಹಿಂದೆ ನಿಂತಿದ್ದ. "ಇವತ್ತು ಓಡುತ್ತೆ, ನಾಳೆ ನೋಡು. ಕಳ್ಳ ಮಾಲು ಕಣೆ ಅದು. ಭಾವ ಒಳ್ಳೇವ್ರೆ, ಆದ್ರೆ ಯಾರೇನ್ ಹೇಳಿದ್ರೂ ನಂಬ್ಬುಡೋರು."

"ಹೂಂ. ಹಂಗೇ ಇದ್ರು" ಎಂದಳು ಸುಮನಾ, ಪರದೆಯಿಂದ ಕಣ್ಣು ತೆಗೆಯದೆ.

ಅಷ್ಟೇ. ಅವಳು ಅದನ್ನು ಹಗುರವಾಗಿ, ಒಪ್ಪಿಕೊಂಡಾಯಿತೆನ್ನುವ ಹಾಗೆ ಹೇಳಿದಳು. ಮಗ ಎರಡನೆಯ ಸಲ ಹೋದಂತಾಯಿತು. ಈ ಸಲ ಇವರ ಕೈಯಿಂದಲೇ.

"ಮೋಸ ಹೋಗಿರ್ಲಿಲ್ಲ ಅವ್ನು" ಎಂದರು. ಮಾತು ಜೋರಾಗಿ ಬಂತು. "ನೋಡಿ ತಂದಿದ್ದ. ಚಿನ್ನದಂಥ ಕಾರ್ಡಂತೆ. ಅದ್ರೊಳ್ಗೆ ತುಂಬಿದ್ದು ಧೂಳಲ್ಲ, ನನ್ ಧೂಪ. ನಾ ಬಳ್ದ ವಿಭೂತಿ. ಕೆಡಿಸಿದ್ದು ನಾನು."

ಯೋಗಾನಂದ ಗೊಳ್ಳೆಂದು ನಕ್ಕ. "ಅಯ್ಯೋ ಮಾವ! ನಿಮ್ ಭಕ್ತಿ ಕಂಪ್ಯೂಟ್ರಿಗೂ ತಡ್ಕಳಕಾಗ್ಲಿಲ್ಲ ಬಿಡಿ." ಲೋಟ ಇಟ್ಟು, ಕತ್ತಲಾಗುವ ಮುಂಚೆ ಹಾಸನ ಸೇರಬೇಕೆಂದು ಹೊರಟ. ಕಾರು ಹತ್ತುವಾಗಲೂ ಅವನ ನಗು ಕೇಳುತ್ತಿತ್ತು.

ಸುಮನಾ ನಗಲಿಲ್ಲ. ಕುರ್ಚಿಯನ್ನು ತಿರುಗಿಸಿ ಅವರ ಕಡೆ ನೋಡಿದಳು. "ದನದ ಹಟ್ಟಿಗೆ ಸೊಳ್ಳೆ ಓಡ್ಸೋಕ್ ಹಾಕ್ತಾರಲ್ಲ, ಅಷ್ಟು ಹೊಗೆ. ಯಾಕ್ ಹಾಕ್ತಿದ್ರಿ ಮಾವ? ನಾ ಕೆಮ್ಮಿ ಕೆಮ್ಮಿ ಎದ್ದೋಗ್ತಿದ್ದೆ, ಆದ್ರೂ."

ಸಂಪ್ರದಾಯ ಎನ್ನಬಹುದಿತ್ತು. ಅಪ್ಪನ ಕಾಲದಿಂದ ಎನ್ನಬಹುದಿತ್ತು.

"ಹೊಗೇಲಿ ಕಣ್ಣಲ್ಲಿ ನೀರ್ ಬತ್ತದೆ" ಎಂದರು.

ಅವಳಿಗೆ ಅರ್ಥವಾದದ್ದು ಮೊದಲು ಕತ್ತಿನಲ್ಲಿ ಕಂಡಿತು. ಅಲ್ಲಿಯ ನರ ಬಿಗಿಯಿತು.

"ನಂಗ್ ಮಾತ್ರ ಬ್ಯಾಡ ಅಂದ್ರಿ."

"ಹೂಂ."

"ಕೈ ಹಿಡ್ಕಂಡು ಅಂದ್ರಿ. ಎಲ್ರ ಮುಂದೆ. ನೀವು ದಿನಾ..." ಅವಳು ಎದ್ದಳು. ಕುರ್ಚಿ ಹಿಂದಕ್ಕೆ ಉರುಳಿ ಗೋಡೆಗೆ ಬಡಿಯಿತು. "ನಾನು ಅವ್ರನ್ನ ಬೈಕೊಂಡು ಬೈಕೊಂಡು ದಿನ ಕಳದೆ ಮಾವ. ಅಳಕ್ಕಾಗ್ದೆ ಬೈಕೊಂಡೆ. ಕಾರ್ಡಿಗೆ, ಬೈಕಿಗೆ, ಅವಸರಕ್ಕೆ." ಅವರು ಕೈ ಚಾಚಿದರು. ಅವಳು ಹಿಂದೆ ಸರಿದಳು. "ಇಲ್ಲೇ ಕೂತ್ಕಂಡು ಇದನ್ನ ನೋಡ್ತಿರಿ. ಕಪ್ಪಾದ್ರೆ ಕೂಗಿ" ಎಂದು ಹಿಂದಿನ ಕಣದ ಕಡೆ ಹೊರಟುಹೋದಳು.

ಅವರು ಕುರ್ಚಿಯನ್ನು ನೆಟ್ಟಗೆ ಮಾಡಿ ಕೂತರು. ಹೆಂಚು ಮುಗಿದು ಕಂಬಗಳು ಇಳಿಯುತ್ತಿದ್ದವು. ಮೊದಲು ಏನೂ ಕೇಳಲಿಲ್ಲ. ಆಮೇಲೆ ಕಣದ ಕಡೆಯಿಂದ ಒಂದು ಸದ್ದು ಬಂತು. ದನ ಕೂಗಿತೇನೋ ಎಂದುಕೊಳ್ಳುವಷ್ಟು ಒರಟಾಗಿತ್ತು. ಮತ್ತೆ ಬಂತು. ಹೆಸರು ಹಿಡಿದು ಕರೆದು, ಉಸಿರು ಎಳೆದು, ಮತ್ತೆ ಹೆಸರು. ಅವರ ಕಾಲು ತಾನಾಗಿ ನೆಲವನ್ನು ಒತ್ತಿತು, ಏಳಲು, ಹೋಗಿ ಬ್ಯಾಡ ಕಣವ್ವ ಎನ್ನಲು. ಎರಡು ಕೈಯಿಂದಲೂ ಮೇಜಿನ ಅಂಚನ್ನು ಹಿಡಿದು ಕೂತೇ ಇದ್ದರು. ಸದ್ದು ಕೇರಿಗೆಲ್ಲ ಕೇಳುವಷ್ಟಾಯಿತು. ಪಕ್ಕದ ಮನೆಯ ಗಂಗಾಮಣಿ ಒದ್ದೆ ಕೈಯಲ್ಲೇ ಓಡಿಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಅಣ್ಣ, ಏನಾಯ್ತಣ್ಣ? ಸುಮನಾ ಯಾಕ್ ಹಂಗ್ ಅಳ್ತಾವ್ಳೆ?"

ಶಾಂತಮಲ್ಲಪ್ಪನವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಅಲ್ಲಿ ಸಂಜೆಬಿಸಿಲು ಜಗಲಿಯವರೆಗೆ ಬಂದಿತ್ತು.

"ಚಂದನ ಹೋಗ್ಬುಟ್ನಲ್ಲವ್ವ" ಎಂದರು. "ಅದಕ್ಕೆ."